ಎಲೆಕ್ಟ್ರಾನಿಕ್ ಆಟಿಕೆಗಳನ್ನು ಆಧರಿಸಿದ ಶ್ರವ್ಯ ಆಟಗಳು

ಶ್ರವ್ಯ ಆಟ ಅಥವಾ ಆಡಿಯೋ ಗೇಮ್ ಎಂಬುದು ಪರದೆಯ ಮೇಲಿನ ಚಿತ್ರಗಳನ್ನು ನೋಡದೆ, ಧ್ವನಿಯನ್ನು ಮಾತ್ರ ಆಲಿಸಿ ಆಡಬಹುದಾದ ಗಣಕ ಆಟವಾಗಿದೆ. ಅಂಧರು ಮತ್ತು ಮಂದದೃಷ್ಟಿಯುಳ್ಳವರು ಈ ಆಟಗಳ ಮುಖ್ಯ ಬಳಕೆದಾರರು; ಇವುಗಳಲ್ಲಿ ಹಲವನ್ನು ರಚಿಸಿದವರೂ ಅಂಧ ಪ್ರೋಗ್ರಾಮರ್‌ಗಳೇ. ಶ್ರವ್ಯ ಆಟಗಳ ಒಂದು ಪ್ರಕಾರವು 1970ರ ದಶಕದ ಉತ್ತರಾರ್ಧದಿಂದ ಮಾರುಕಟ್ಟೆಗೆ ಬಂದ ಸೈಮನ್, ಬಾಪ್ ಇಟ್ ಮೊದಲಾದ ಎಲೆಕ್ಟ್ರಾನಿಕ್ ಆಟಿಕೆಗಳಿಂದ ಪ್ರೇರಣೆ ಪಡೆದಿದೆ. ಈ ಆಟಿಕೆಗಳ ನಿಯಮಗಳು ಚಿಕ್ಕವು, ಸೂಚನೆಗಳು ಧ್ವನಿರೂಪದವು. ಆದುದರಿಂದ ಅವುಗಳನ್ನು ಗಣಕಕ್ಕೆ ಅಳವಡಿಸುವುದು ಸುಲಭವೆಂದು ಮೇಲ್ನೋಟಕ್ಕೆ ತೋರುತ್ತದೆ. ಆಟದ ಕಲ್ಪನೆಯುಳ್ಳವರಿಗೆ ಪ್ರೋಗ್ರಾಮಿಂಗ್ ತಿಳಿದಿರದಿದ್ದಾಗ ಪ್ರೋಗ್ರಾಮರ್ ಒಬ್ಬರ ಸಹಭಾಗಿತ್ವ ಅಗತ್ಯವಾಗುತ್ತದೆ. ಅಂತಹ ಸಹಭಾಗಿತ್ವದ ಯಶಸ್ಸು, ಆಟಿಕೆಯ ನಿಯಮ, ಕಾಲಮಿತಿ ಮತ್ತು ಧ್ವನಿಗಳನ್ನು ಎಷ್ಟು ನಿಖರವಾಗಿ ಬರೆದಿಡಲಾಗಿದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ.

ಹಿನ್ನೆಲೆ

ಟಚ್ ಮಿ ಮತ್ತು ಸೈಮನ್

1974ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯು 'ಟಚ್ ಮಿ' ಎಂಬ ಆರ್ಕೇಡ್ ಯಂತ್ರವನ್ನು ಹೊರತಂದಿತು. ಯಂತ್ರವು ಬೆಳಕು ಮತ್ತು ಧ್ವನಿಗಳ ಒಂದು ಸರಣಿಯನ್ನು ತೋರಿಸುತ್ತಿತ್ತು. ಆಟಗಾರನು ಅದೇ ಕ್ರಮದಲ್ಲಿ ಗುಂಡಿಗಳನ್ನು ಒತ್ತಬೇಕಿತ್ತು. ಮ್ಯಾಗ್ನವಾಕ್ಸ್ ಒಡಿಸ್ಸಿ ಎಂಬ ಮೊದಲ ಗೃಹಬಳಕೆಯ ವಿಡಿಯೋ ಗೇಮ್ ಸಾಧನದ ಹಿಂದಿದ್ದ ಎಂಜಿನಿಯರ್ ರಾಲ್ಫ್ ಬೇರ್ ಅವರು 1976ರಲ್ಲಿ ಶಿಕಾಗೋದ ಪ್ರದರ್ಶನವೊಂದರಲ್ಲಿ ಈ ಯಂತ್ರವನ್ನು ಕಂಡರು. ಆಟದ ಕಲ್ಪನೆ ಉತ್ತಮವಾಗಿದೆ, ಆದರೆ ಅದರ ಧ್ವನಿಗಳು ಕರ್ಕಶವಾಗಿವೆ ಎಂಬುದು ಅವರ ಅಭಿಪ್ರಾಯವಾಗಿತ್ತು.

ಬೇರ್ ಅವರು ಹಾವರ್ಡ್ ಮಾರಿಸನ್ ಅವರೊಡನೆ ಸೇರಿ ಅದೇ ಕಲ್ಪನೆಯನ್ನು ಕೈಯಲ್ಲಿ ಹಿಡಿದು ಆಡಬಹುದಾದ ಆಟಿಕೆಯಾಗಿ ರೂಪಿಸಿದರು. ಅದರ ಧ್ವನಿಗಳಿಗಾಗಿ ಬ್ಯೂಗಲ್ ಎಂಬ ಕಹಳೆಯ ನಾಲ್ಕು ಸ್ವರಗಳನ್ನು ಆರಿಸಿಕೊಳ್ಳಲಾಯಿತು. ಈ ನಾಲ್ಕು ಸ್ವರಗಳನ್ನು ಯಾವ ಕ್ರಮದಲ್ಲಿ ನುಡಿಸಿದರೂ ಕಿವಿಗೆ ಹಿತವಾಗಿ ಕೇಳುತ್ತವೆ. ಆಟದ ಮೂಲ ಪ್ರೋಗ್ರಾಮನ್ನು ಬರೆದವರು ಲೆನ್ನಿ ಕೋಪ್. ಮೊದಲಿಗೆ 'ಫಾಲೋ ಮಿ' ಎಂದು ಕರೆಯಲ್ಪಟ್ಟ ಈ ಆಟಿಕೆಯನ್ನು ಮಿಲ್ಟನ್ ಬ್ರಾಡ್ಲಿ ಸಂಸ್ಥೆಯು 1978ರಲ್ಲಿ 'ಸೈಮನ್' ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷ ಅಟಾರಿಯೂ 'ಟಚ್ ಮಿ'ಯನ್ನು ಕೈಯಲ್ಲಿ ಹಿಡಿಯುವ ರೂಪದಲ್ಲಿ ಹೊರತಂದರೂ, ಜನಪ್ರಿಯವಾದದ್ದು ಸೈಮನ್.

ಸೈಮನ್‌ನ ಒಳಗಿದ್ದದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಎಂಎಸ್ 1000 ಎಂಬ 4 ಬಿಟ್ ಮೈಕ್ರೋಕಂಟ್ರೋಲರ್. ಇದರಲ್ಲಿ ಪ್ರೋಗ್ರಾಮಿಗೆ 1,024 ಬೈಟ್ ಸ್ಥಳ ಮತ್ತು ಕೆಲಸದ ಸ್ಮೃತಿಯಾಗಿ ತಲಾ 4 ಬಿಟ್‌ನ 64 ಮನೆಗಳು ಮಾತ್ರ ಇದ್ದವು. ಸೈಮನ್‌ನ ಅತಿ ಕಠಿಣ ಹಂತದ ಸರಣಿಯಲ್ಲಿ 31 ಧ್ವನಿಗಳಿವೆ. ನಾಲ್ಕು ಗುಂಡಿಗಳಲ್ಲಿ ಒಂದನ್ನು ಸೂಚಿಸಲು 2 ಬಿಟ್ ಸಾಕಾಗುವುದರಿಂದ ಇಡೀ ಸರಣಿಯನ್ನು 62 ಬಿಟ್‌ಗಳಲ್ಲಿ ಹಿಡಿದಿಡಬಹುದು. ಈ ಬಗೆಯ ಆಟಿಕೆಗಳ ತರ್ಕ ಎಷ್ಟು ಚಿಕ್ಕದು ಎಂಬುದು ಇದರಿಂದ ತಿಳಿಯುತ್ತದೆ.

ಸ್ಪೀಕ್ ಅಂಡ್ ಸ್ಪೆಲ್ ಮತ್ತು ಮರ್ಲಿನ್

1978ರಲ್ಲಿಯೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 'ಸ್ಪೀಕ್ ಅಂಡ್ ಸ್ಪೆಲ್' ಎಂಬ ಕಲಿಕಾ ಆಟಿಕೆಯನ್ನು ಪರಿಚಯಿಸಿತು. ಇದು ಇಂಗ್ಲಿಷ್ ಪದವೊಂದನ್ನು ಉಚ್ಚರಿಸಿ, ಅದರ ಕಾಗುಣಿತವನ್ನು ಅಕ್ಷರ ಅಕ್ಷರವಾಗಿ ಒತ್ತುವಂತೆ ಮಗುವನ್ನು ಕೇಳುತ್ತಿತ್ತು. ಇದರ ಧ್ವನಿಯು ಟೇಪ್ ಅಥವಾ ಧ್ವನಿಮುದ್ರಿಕೆಯಿಂದ ಬರುತ್ತಿರಲಿಲ್ಲ. ಒಂದೇ ಚಿಪ್‌ನೊಳಗೆ ಅಳವಡಿಸಿದ ಮಾತಿನ ಸಂಶ್ಲೇಷಕವು ಅದನ್ನು ಉತ್ಪಾದಿಸುತ್ತಿತ್ತು.

ಅದೇ ವರ್ಷ ಪಾರ್ಕರ್ ಬ್ರದರ್ಸ್ ಸಂಸ್ಥೆ ಹೊರತಂದ 'ಮರ್ಲಿನ್' ಎಂಬ ಆಟಿಕೆಯಲ್ಲಿ ಆರು ಆಟಗಳಿದ್ದವು. ಇವುಗಳಲ್ಲಿ ಸ್ವರಗಳನ್ನು ನುಡಿಸುವ 'ಮ್ಯೂಸಿಕ್ ಮಷಿನ್' ಅನ್ನು ಕೇಳಿ ಆಡಬಹುದಿತ್ತು. 'ಮ್ಯಾಜಿಕ್ ಸ್ಕ್ವೇರ್'ನಂತಹ ಆಟಗಳಿಗೆ ಉರಿಯುವ ದೀಪಗಳನ್ನು ನೋಡುವುದು ಅನಿವಾರ್ಯವಾಗಿತ್ತು. ಧ್ವನಿ ಹೊರಡಿಸುವ ಎಲ್ಲ ಆಟಿಕೆಯೂ ಶ್ರವ್ಯ ಆಟವಾಗಲು ತಕ್ಕುದಲ್ಲ ಎಂಬುದಕ್ಕೆ ಇದು ಉದಾಹರಣೆ. ಆಡಲು ಬೇಕಾದ ಸಂಪೂರ್ಣ ಮಾಹಿತಿ ಧ್ವನಿಯಲ್ಲಿಯೇ ಇರಬೇಕು.

ಬಾಪ್ ಇಟ್

ಡ್ಯಾನ್ ಕ್ಲಿಟ್ಸ್‌ನರ್ ಅವರು ರೂಪಿಸಿದ 'ಬಾಪ್ ಇಟ್' 1996ರಲ್ಲಿ ಹ್ಯಾಸ್ಬ್ರೊ ಸಂಸ್ಥೆಯಿಂದ ಬಿಡುಗಡೆಯಾಯಿತು. ಗುಂಡಿಯನ್ನು ಬಡಿಯುವುದು, ಹಿಡಿಯನ್ನು ತಿರುಚುವುದು, ಇನ್ನೊಂದು ಹಿಡಿಯನ್ನು ಎಳೆಯುವುದು ಎಂಬ ಮೂರು ಕ್ರಿಯೆಗಳನ್ನು ಆಟಿಕೆಯು ಲಯಬದ್ಧವಾಗಿ ಕೂಗಿ ಹೇಳುತ್ತದೆ. ಆಟಗಾರನು ಮುಂದಿನ ಆಜ್ಞೆ ಬರುವ ಮೊದಲು ಆ ಕ್ರಿಯೆಯನ್ನು ಮಾಡಬೇಕು. ಆಟ ಮುಂದುವರಿದಂತೆ ವೇಗ ಹೆಚ್ಚುತ್ತದೆ. ಎರಡು ವರ್ಷಗಳ ನಂತರ ಬಂದ 'ಬಾಪ್ ಇಟ್ ಎಕ್ಸ್‌ಟ್ರೀಮ್' ಇನ್ನೂ ಎರಡು ಕ್ರಿಯೆಗಳನ್ನು ಸೇರಿಸಿತು. ಕೆಲವು ಆವೃತ್ತಿಗಳ ಒಂದು ವಿಧಾನದಲ್ಲಿ ಮಾತಿನ ಆಜ್ಞೆಯ ಬದಲು ಪ್ರತಿ ಕ್ರಿಯೆಗೂ ಪ್ರತ್ಯೇಕವಾದ ಧ್ವನಿಸಂಕೇತ ಮಾತ್ರ ಕೇಳಿಬರುತ್ತದೆ.

ಅಂಧ ಆಟಗಾರರು ಮತ್ತು ಆಟಿಕೆಗಳು

ಬಾಪ್ ಇಟ್‌ನಂತಹ ಆಟಿಕೆಯನ್ನು ಅಂಧರಿಗಾಗಿಯೇ ತಯಾರಿಸಿರಲಿಲ್ಲ. ಆದರೂ ಅದರ ಎಲ್ಲ ಸೂಚನೆಗಳು ಕಿವಿಗೆ ಬೀಳುವಂತಹವು, ಎಲ್ಲ ಭಾಗಗಳು ಕೈಗೆ ಭಿನ್ನವಾಗಿ ತಿಳಿಯುವಂತಹವು. ಇದರಿಂದಾಗಿ ಅಂಧ ಮಗುವು ದೃಷ್ಟಿಯುಳ್ಳ ಸಹೋದರ ಸಹೋದರಿಯರೊಡನೆ ಯಾವ ರಿಯಾಯಿತಿಯೂ ಇಲ್ಲದೆ ಸಮಾನವಾಗಿ ಆಡಲು ಸಾಧ್ಯವಾಗುತ್ತದೆ. ಗೃಹಬಳಕೆಯ ವಿಡಿಯೋ ಆಟಗಳು ಹೆಚ್ಚು ಹೆಚ್ಚು ಚಿತ್ರಪ್ರಧಾನವಾದ ಕಾಲದಲ್ಲಿ ಈ ಗುಣ ವಿರಳವಾಗಿತ್ತು.

ಆಟಿಕೆಗಳಿಗೆ ಆಯುಷ್ಯವಿದೆ. ಗುಂಡಿಗಳು ಸವೆಯುತ್ತವೆ, ಬ್ಯಾಟರಿಯ ಸಂಪರ್ಕಗಳು ತುಕ್ಕು ಹಿಡಿಯುತ್ತವೆ, ತಯಾರಕರು ಒಂದು ಮಾದರಿಯನ್ನು ನಿಲ್ಲಿಸಿ ಬೇರೊಂದನ್ನು ತರುತ್ತಾರೆ. ಹಳೆಯ ಮಾದರಿಯ ನಿಯಮಗಳೂ ಧ್ವನಿಗಳೂ ಚಿಪ್‌ನೊಳಗೆ ಉಳಿದಿರುತ್ತವೆಯೇ ಹೊರತು ಬೇರೆಡೆ ಪೂರ್ಣವಾಗಿ ದಾಖಲಾಗಿರುವುದು ವಿರಳ. ಇಷ್ಟದ ಆಟಿಕೆ ಕೆಟ್ಟುಹೋದಾಗ ಅಂಧ ಆಟಗಾರರಿಗೆ ಪರ್ಯಾಯ ಆಟಗಳ ಆಯ್ಕೆ ಕಡಿಮೆ. ಆಟಿಕೆಗಳನ್ನು ಗಣಕದಲ್ಲಿ ಶ್ರವ್ಯ ಆಟಗಳಾಗಿ ಮರುರೂಪಿಸುವ ಆಸಕ್ತಿಯ ಹಿಂದೆ ಈ ಕಾರಣವೂ ಇದೆ.

ಗಣಕದ ಶ್ರವ್ಯ ಆಟಗಳು

ಜಪಾನಿನ ಕೆಂಜಿ ಎನೊ ಅವರು 1997ರಲ್ಲಿ ಸೆಗಾ ಸ್ಯಾಟರ್ನ್ ಸಾಧನಕ್ಕಾಗಿ ರೂಪಿಸಿದ 'ರಿಯಲ್ ಸೌಂಡ್: ಕಝೆ ನೋ ರಿಗ್ರೆಟ್' ಚಿತ್ರಗಳಿಲ್ಲದೆ ಧ್ವನಿಯಿಂದ ಮಾತ್ರ ನಡೆಯುವ ಆಟವಾಗಿತ್ತು. ತಮ್ಮ ಆಟಗಳನ್ನು ಆಡುತ್ತಿದ್ದ ಅಂಧರನ್ನು ಭೇಟಿಯಾದದ್ದು ಅವರಿಗೆ ಪ್ರೇರಣೆಯಾಯಿತು. ಮುಂದೆ ಐಫೋನ್‌ಗಾಗಿ 'ಪಾಪಾ ಸಾಂಗ್ರೆ' (2010) ಹಾಗೂ 'ಎ ಬ್ಲೈಂಡ್ ಲೆಜೆಂಡ್' (2015), 'ದ ವೇಲ್: ಶ್ಯಾಡೋ ಆಫ್ ದ ಕ್ರೌನ್' (2021) ಮೊದಲಾದ ಆಟಗಳು ಬಂದವು. ಇವು ಕಥೆಯನ್ನೂ ಮೂರು ಆಯಾಮದ ಧ್ವನಿಯನ್ನೂ ಒಳಗೊಂಡ ದೊಡ್ಡ ರಚನೆಗಳು.

ಆಟಿಕೆ ಆಧಾರಿತ ಆಟಗಳು ಇವುಗಳಿಗಿಂತ ಭಿನ್ನ. ಅವುಗಳಲ್ಲಿ ಕಥೆಯಿಲ್ಲ, ಸಂಚರಿಸಬೇಕಾದ ಲೋಕವಿಲ್ಲ. ನೆನಪು, ಲಯ ಮತ್ತು ಪ್ರತಿಕ್ರಿಯೆಯ ವೇಗವೇ ಆಟದ ತಿರುಳು. ಒಬ್ಬ ವಿನ್ಯಾಸಕಾರ ಮತ್ತು ಒಬ್ಬ ಪ್ರೋಗ್ರಾಮರ್ ಸೇರಿ ಮುಗಿಸಬಹುದಾದ ಗಾತ್ರದವು ಎಂಬುದೇ ಇವುಗಳ ಅನುಕೂಲ.

ಆಟಿಕೆಯನ್ನು ಗಣಕಕ್ಕೆ ಅಳವಡಿಸುವುದು

ನಿಯಮಗಳ ನಿರೂಪಣೆ

ಆಟಿಕೆಯನ್ನು ಚೆನ್ನಾಗಿ ಆಡಬಲ್ಲವರಿಗೆ ಅದರ ನಿಯಮಗಳು ಕೈಗೆ ರೂಢಿಯಾಗಿರುತ್ತವೆ. ಪ್ರೋಗ್ರಾಮರಿಗೆ ಅವು ಸ್ಥಿತಿಗಳ ಪಟ್ಟಿಯಾಗಿ ಬೇಕಾಗುತ್ತವೆ. ಸೈಮನ್ ಮಾದರಿಯ ಆಟವನ್ನು ಹೀಗೆ ವಿಂಗಡಿಸಬಹುದು:

1. ಆರಂಭ: ಸರಣಿಯನ್ನು ಖಾಲಿ ಮಾಡಿ, ಹಂತವನ್ನು ಆರಿಸಲು ಕಾಯುವುದು.
2. ಸೇರ್ಪಡೆ: ನಾಲ್ಕು ಧ್ವನಿಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ ಆರಿಸಿ ಸರಣಿಯ ಕೊನೆಗೆ ಸೇರಿಸುವುದು.
3. ನುಡಿಸುವಿಕೆ: ಸರಣಿಯನ್ನು ಮೊದಲಿನಿಂದ ಕೇಳಿಸುವುದು. ಈ ಅವಧಿಯಲ್ಲಿ ಒತ್ತಿದ ಗುಂಡಿಗಳನ್ನು ಪರಿಗಣಿಸುವುದಿಲ್ಲ.
4. ನಿರೀಕ್ಷೆ: ಆಟಗಾರನ ಪ್ರತಿ ಒತ್ತುವಿಕೆಯನ್ನು ಸರಣಿಯೊಡನೆ ಹೋಲಿಸುವುದು. ಸರಿಯಿದ್ದರೆ ಮುಂದಿನ ಧ್ವನಿಗೆ, ಸರಣಿ ಮುಗಿದರೆ ಎರಡನೆಯ ಸ್ಥಿತಿಗೆ ಹೋಗುವುದು.
5. ಸೋಲು: ತಪ್ಪು ಗುಂಡಿ ಒತ್ತಿದರೆ ಅಥವಾ ಕಾಲ ಮೀರಿದರೆ ಸೋಲಿನ ಧ್ವನಿ ಕೇಳಿಸಿ ಅಂಕವನ್ನು ಹೇಳುವುದು.
6. ಗೆಲುವು: ಹಂತಕ್ಕೆ ನಿಗದಿಯಾದ ಉದ್ದವನ್ನು ತಲುಪಿದಾಗ ಗೆಲುವಿನ ಧ್ವನಿ ಕೇಳಿಸುವುದು. ಮೂಲ ಸೈಮನ್‌ನ ನಾಲ್ಕು ಹಂತಗಳಲ್ಲಿ ಈ ಉದ್ದ ಕ್ರಮವಾಗಿ 8, 14, 20 ಮತ್ತು 31.

ಮೂರನೆಯ ಸ್ಥಿತಿಯಲ್ಲಿ ಗುಂಡಿ ಒತ್ತಿದರೆ ಏನಾಗಬೇಕು, ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಯಾವುದನ್ನು ಎಣಿಸಬೇಕು, ಸರಣಿ ಉದ್ದವಾದಂತೆ ನುಡಿಸುವ ವೇಗ ಎಷ್ಟು ಹೆಚ್ಚಬೇಕು ಎಂಬ ಪ್ರಶ್ನೆಗಳು ಆಡುವಾಗ ಹೊಳೆಯುವುದಿಲ್ಲ. ಇವುಗಳಿಗೆ ಉತ್ತರವಿಲ್ಲದಿದ್ದರೆ ಪ್ರೋಗ್ರಾಮರ್ ತನಗೆ ತೋಚಿದಂತೆ ನಿರ್ಧರಿಸುತ್ತಾನೆ. ಫಲಿತಾಂಶವು ಮೂಲ ಆಟಿಕೆಯಂತೆ ಭಾಸವಾಗುವುದಿಲ್ಲ.

ಕಾಲ ಮತ್ತು ವಿಳಂಬ

ಲಯವನ್ನು ಅವಲಂಬಿಸಿದ ಆಟಗಳಲ್ಲಿ ಗುಂಡಿ ಒತ್ತಿದ ಕ್ಷಣಕ್ಕೂ ಧ್ವನಿ ಕೇಳುವ ಕ್ಷಣಕ್ಕೂ ನಡುವಿನ ಅಂತರ ಮುಖ್ಯವಾಗುತ್ತದೆ. ಗಣಕವು ಧ್ವನಿಯನ್ನು ಚಿಕ್ಕ ತುಣುಕುಗಳಾಗಿ ಸಂಗ್ರಹಿಸಿ ಸ್ಪೀಕರಿಗೆ ಕಳುಹಿಸುತ್ತದೆ. ಸೆಕೆಂಡಿಗೆ 44,100 ಮಾದರಿಗಳ ಧ್ವನಿಯಲ್ಲಿ 512 ಮಾದರಿಗಳ ತುಣುಕು ಸುಮಾರು 12 ಮಿಲಿಸೆಕೆಂಡು ವಿಳಂಬ ಉಂಟುಮಾಡಿದರೆ, 4,096 ಮಾದರಿಗಳ ತುಣುಕು ಸುಮಾರು 93 ಮಿಲಿಸೆಕೆಂಡು ವಿಳಂಬ ಉಂಟುಮಾಡುತ್ತದೆ. ಎರಡನೆಯದು ಆಟಗಾರನ ಅನುಭವಕ್ಕೆ ಬರುವಷ್ಟು ದೊಡ್ಡದು. ಬ್ಲೂಟೂತ್ ಹೆಡ್‌ಫೋನ್ ಬಳಸಿದಾಗ ವಿಳಂಬವು ಇನ್ನಷ್ಟು ಹೆಚ್ಚುತ್ತದೆ. ಆದುದರಿಂದ ಕಾಲಮಿತಿಯನ್ನು ಹೊಂದಿಸಿಕೊಳ್ಳುವ ಅವಕಾಶವನ್ನು ಆಟದಲ್ಲಿ ಕಲ್ಪಿಸುವುದು ಉಪಯುಕ್ತ.

ಕೈಯ ಚಲನೆ

ಆಟಿಕೆಯ ಹಿಡಿಯನ್ನು ತಿರುಚುವ ಅನುಭವವನ್ನು ಕೀಲಿಮಣೆ ನೀಡಲಾರದು. ಸಾಮಾನ್ಯವಾಗಿ ಒಂದೊಂದು ಕ್ರಿಯೆಗೆ ಒಂದೊಂದು ಬಾಣದ ಕೀಲಿಯನ್ನು ನಿಗದಿಪಡಿಸಲಾಗುತ್ತದೆ. ಮೊಬೈಲ್ ಫೋನಿನಲ್ಲಿ ತಟ್ಟುವುದು, ಬೆರಳು ಜಾರಿಸುವುದು, ಫೋನನ್ನು ಅಲುಗಾಡಿಸುವುದು ಮೂಲ ಕ್ರಿಯೆಗಳಿಗೆ ಹೆಚ್ಚು ಹತ್ತಿರವಾಗುತ್ತವೆ. ಆದರೆ ವಾಯ್ಸ್‌ಓವರ್, ಟಾಕ್‌ಬ್ಯಾಕ್‌ನಂತಹ ಸ್ಕ್ರೀನ್ ರೀಡರ್‌ಗಳು ಚಾಲನೆಯಲ್ಲಿರುವಾಗ ಬೆರಳಿನ ಚಲನೆಗಳು ಮೊದಲು ಅವುಗಳಿಗೆ ತಲುಪುತ್ತವೆ. ಆಟದ ಕ್ಷೇತ್ರದಲ್ಲಿ ಸ್ಪರ್ಶವು ನೇರವಾಗಿ ಆಟಕ್ಕೆ ತಲುಪುವಂತೆ ಪ್ರೋಗ್ರಾಮರ್ ವಿಶೇಷ ವ್ಯವಸ್ಥೆ ಮಾಡಬೇಕಾಗುತ್ತದೆ. ಈ ಅಂಶದ ಅರಿವಿಲ್ಲದೆ ರಚಿಸಿದ ಆಟವು ದೃಷ್ಟಿಯುಳ್ಳವರ ಕೈಯಲ್ಲಿ ಸರಿಯಾಗಿ ನಡೆದರೂ ಅಂಧರ ಫೋನಿನಲ್ಲಿ ನಡೆಯದೆ ಹೋಗಬಹುದು.

ಪ್ರೋಗ್ರಾಮರ್‌ನೊಡನೆ ಸಹಭಾಗಿತ್ವ

ಕೆಲಸದ ಹಂಚಿಕೆ

ಸೈಮನ್‌ನ ರಚನೆಯಲ್ಲಿಯೇ ಕಾಣುವಂತೆ, ಕಲ್ಪನೆ, ಧ್ವನಿಯ ಆಯ್ಕೆ ಮತ್ತು ಪ್ರೋಗ್ರಾಮ್ ಬರವಣಿಗೆ ಒಬ್ಬರ ಕೈಯಲ್ಲೇ ಇರಬೇಕೆಂದಿಲ್ಲ. ಪ್ರೋಗ್ರಾಮಿಂಗ್ ತಿಳಿಯದ ವಿನ್ಯಾಸಕಾರರು ನಿಯಮಗಳ ದಾಖಲೆ, ಧ್ವನಿಕಡತಗಳ ಸಂಗ್ರಹ, ಪರೀಕ್ಷೆ ಮತ್ತು ಆಟದ ಕೈಪಿಡಿಯನ್ನು ವಹಿಸಿಕೊಳ್ಳಬಹುದು. ಆಗ ಪ್ರೋಗ್ರಾಮರ್ ಪಾಲಿಗೆ ಸ್ಪಷ್ಟವಾದ, ಮುಗಿಯುವಂತಹ ಕೆಲಸ ಉಳಿಯುತ್ತದೆ. 'ಒಂದು ಒಳ್ಳೆಯ ಕಲ್ಪನೆಯಿದೆ' ಎಂಬಷ್ಟೇ ಕೋರಿಕೆಗೆ ಸ್ವಯಂಸೇವಕರು ಒಪ್ಪುವುದು ಕಷ್ಟ, ಏಕೆಂದರೆ ಅದರ ಗಾತ್ರವನ್ನು ಅಂದಾಜು ಮಾಡಲಾಗದು.

ವಿನ್ಯಾಸ ದಾಖಲೆ

ಪ್ರೋಗ್ರಾಮರ್‌ನನ್ನು ಹುಡುಕುವ ಮೊದಲು ಸಿದ್ಧಪಡಿಸುವ ದಾಖಲೆಯಲ್ಲಿ ಸಾಮಾನ್ಯವಾಗಿ ಈ ಅಂಶಗಳಿರುತ್ತವೆ:

- ಆಟದ ಸಾರಾಂಶ, ಒಂದೆರಡು ವಾಕ್ಯಗಳಲ್ಲಿ
- ಸ್ಥಿತಿಗಳ ಪಟ್ಟಿ ಮತ್ತು ಒಂದರಿಂದ ಇನ್ನೊಂದಕ್ಕೆ ಹೋಗುವ ನಿಯಮ
- ಪ್ರತಿ ಕ್ರಿಯೆಗೆ ನಿಗದಿಯಾದ ಕೀಲಿ ಅಥವಾ ಬೆರಳಿನ ಚಲನೆ
- ಧ್ವನಿಕಡತಗಳ ಹೆಸರು, ಅವಧಿ ಮತ್ತು ಅವು ಕೇಳಿಬರುವ ಸಂದರ್ಭ
- ಆರಂಭದ ವೇಗ, ವೇಗ ಹೆಚ್ಚುವ ಪ್ರಮಾಣ ಮತ್ತು ಗರಿಷ್ಠ ವೇಗ
- ಆಟ ನಡೆಯಬೇಕಾದ ಸಾಧನ ಮತ್ತು ಬೆಂಬಲಿಸಬೇಕಾದ ಸ್ಕ್ರೀನ್ ರೀಡರ್
- ಮೊದಲ ಆವೃತ್ತಿಯಲ್ಲಿ ಇರದ ಸೌಲಭ್ಯಗಳು

ಕೊನೆಯ ಅಂಶವು ಕೆಲಸ ಬೆಳೆಯುತ್ತ ಹೋಗುವುದನ್ನು ತಡೆಯುತ್ತದೆ. ಆಟಗಳ ಪಟ್ಟಿ ಉದ್ದವಿದ್ದರೂ ಒಂದನ್ನು ಪೂರ್ಣಗೊಳಿಸಿದ ನಂತರ ಇನ್ನೊಂದನ್ನು ಕೈಗೊಳ್ಳುವುದರಿಂದ ಅರ್ಧಕ್ಕೆ ನಿಲ್ಲುವ ಸಂಭವ ಕಡಿಮೆಯಾಗುತ್ತದೆ. ಪ್ರೋಗ್ರಾಮ್ ಇಲ್ಲದೆಯೂ ಆಟವನ್ನು ಪರೀಕ್ಷಿಸಬಹುದು: ಒಬ್ಬರು ಆಜ್ಞೆಗಳನ್ನು ಕೂಗುತ್ತ, ಇನ್ನೊಬ್ಬರು ಮೇಜಿನ ಮೇಲಿನ ವಸ್ತುಗಳನ್ನು ಮುಟ್ಟುತ್ತ ಆಡಿದರೆ ನಿಯಮಗಳ ಲೋಪಗಳು ಬೇಗನೆ ಹೊರಬೀಳುತ್ತವೆ.

ಪ್ರೋಗ್ರಾಮರ್‌ಗಳು ದೊರೆಯುವ ನೆಲೆಗಳು

ಅಂಧ ಪ್ರೋಗ್ರಾಮರ್‌ಗಳ ಸಮುದಾಯಗಳು ಇಂತಹ ಸಹಭಾಗಿತ್ವದ ಸಹಜ ನೆಲೆಗಳು. ಆಟವು ಹೇಗೆ ಕೇಳಿಸಬೇಕು ಎಂಬುದನ್ನು ಅವರಿಗೆ ವಿವರಿಸುವ ಅಗತ್ಯ ಕಡಿಮೆ. ಅಲ್ಪಾವಧಿಯಲ್ಲಿ ಆಟವೊಂದನ್ನು ರಚಿಸುವ ಗೇಮ್ ಜಾಮ್ ಎಂಬ ಕೂಟಗಳು ಮತ್ತೊಂದು ನೆಲೆ. 2009ರಲ್ಲಿ ಆರಂಭವಾದ ಗ್ಲೋಬಲ್ ಗೇಮ್ ಜಾಮ್ ಇವುಗಳಲ್ಲಿ ಪ್ರಸಿದ್ಧವಾಗಿದೆ. ಗಣಕ ವಿಜ್ಞಾನದ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೂ ಈ ಗಾತ್ರದ ಆಟಗಳು ಹೊಂದುತ್ತವೆ. ಸಂಭಾವನೆ ನೀಡುವುದಾದರೆ ಕೆಲಸವನ್ನು ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತದಲ್ಲಿಯೂ ಆಡಬಹುದಾದ ಆವೃತ್ತಿಯನ್ನು ಪಡೆದು ಪಾವತಿಸುವ ಕ್ರಮವಿದೆ.

ಸಾಧನಗಳು

ಶ್ರವ್ಯ ಆಟಗಳಿಗಾಗಿಯೇ ರೂಪಿಸಿದ ಸಾಧನಗಳಲ್ಲಿ ಬ್ಲಾಸ್ಟ್‌ಬೇ ಗೇಮ್ ಟೂಲ್‌ಕಿಟ್ ಅಥವಾ ಬಿಜಿಟಿ ಬಹುಕಾಲ ಬಳಕೆಯಲ್ಲಿತ್ತು. ಇದು ಏಂಜೆಲ್‌ಸ್ಕ್ರಿಪ್ಟ್ ಭಾಷೆಯನ್ನು ಬಳಸುತ್ತದೆ. ಇದರ ಅಭಿವೃದ್ಧಿ ಈಗ ನಿಂತಿದೆ. ಅದೇ ಭಾಷೆಯನ್ನು ಬಳಸುವ, ಮುಕ್ತ ತಂತ್ರಾಂಶವಾದ ಎನ್‌ವಿಜಿಟಿ ನಂತರ ಬಂದಿದೆ. ಪೈಥಾನ್ ಭಾಷೆಯಲ್ಲಿ ಪೈಗೇಮ್ ಗ್ರಂಥಾಲಯವನ್ನು ಬಳಸಿಯೂ ಸರಳ ಆಟಗಳನ್ನು ರಚಿಸಬಹುದು. ಬ್ರೌಸರ್‌ನಲ್ಲಿ ನಡೆಯುವ ಆಟಗಳಿಗೆ ವೆಬ್ ಆಡಿಯೋ ಎಪಿಐ ನೆರವಾಗುತ್ತದೆ. 2021ರಲ್ಲಿ ಡಬ್ಲ್ಯೂ3ಸಿಯ ಅಧಿಕೃತ ಶಿಫಾರಸಾದ ಇದು ಧ್ವನಿಯನ್ನು ಎಡ, ಬಲ, ಹಿಂದೆ, ಮುಂದೆ ಎಂದು ಸ್ಥಾನೀಕರಿಸುವ ಸೌಲಭ್ಯವನ್ನೂ ಹೊಂದಿದೆ.

ಅಂಕ, ಆಯ್ಕೆಪಟ್ಟಿ ಮೊದಲಾದವನ್ನು ಹೇಳಲು ಆಟವು ಮುದ್ರಿತ ಧ್ವನಿಯನ್ನು ಬಳಸಬಹುದು ಅಥವಾ ಬಳಕೆದಾರರ ಸ್ಕ್ರೀನ್ ರೀಡರ್‌ಗೆ ಪಠ್ಯವನ್ನು ಕಳುಹಿಸಬಹುದು. ಎರಡನೆಯ ವಿಧಾನದಲ್ಲಿ ಆಟಗಾರನು ತನಗೆ ಅಭ್ಯಾಸವಾದ ಧ್ವನಿ ಮತ್ತು ವೇಗದಲ್ಲಿಯೇ ಮಾಹಿತಿ ಪಡೆಯುತ್ತಾನೆ. ಆದರೆ ಲಯಬದ್ಧ ಆಜ್ಞೆಗಳಿಗೆ ಇದು ಸೂಕ್ತವಲ್ಲ, ಏಕೆಂದರೆ ಸ್ಕ್ರೀನ್ ರೀಡರ್ ಯಾವ ಕ್ಷಣದಲ್ಲಿ ಮಾತು ಆರಂಭಿಸುತ್ತದೆ ಎಂಬುದನ್ನು ಆಟವು ನಿಯಂತ್ರಿಸಲಾರದು.

ಕಾನೂನಿನ ಅಂಶಗಳು

ಆಟಿಕೆಯಿಂದ ಪ್ರೇರಣೆ ಪಡೆಯುವುದಕ್ಕೂ ಅದನ್ನು ನಕಲು ಮಾಡುವುದಕ್ಕೂ ವ್ಯತ್ಯಾಸವಿದೆ. ಹಕ್ಕುಸ್ವಾಮ್ಯವು ಕಲ್ಪನೆಗೆ ಅಥವಾ ಆಡುವ ವಿಧಾನಕ್ಕೆ ಅನ್ವಯಿಸುವುದಿಲ್ಲ. ಅದರ ನಿರ್ದಿಷ್ಟ ಅಭಿವ್ಯಕ್ತಿಗೆ ಅನ್ವಯಿಸುತ್ತದೆ. ಆಟಿಕೆಯಿಂದ ಮುದ್ರಿಸಿಕೊಂಡ ಧ್ವನಿ, ಸಂಗೀತ ಮತ್ತು ಕೈಪಿಡಿಯ ಪಠ್ಯವನ್ನು ಅನುಮತಿಯಿಲ್ಲದೆ ಬಳಸುವುದು ತೊಡಕಿಗೆ ಕಾರಣವಾಗಬಹುದು. 'ಸೈಮನ್', 'ಬಾಪ್ ಇಟ್' ಎಂಬ ಹೆಸರುಗಳು ಹ್ಯಾಸ್ಬ್ರೊ ಸಂಸ್ಥೆಯ ವ್ಯಾಪಾರಮುದ್ರೆಗಳು. ಹೊಸ ಹೆಸರು ಮತ್ತು ಹೊಸದಾಗಿ ತಯಾರಿಸಿದ ಧ್ವನಿಗಳನ್ನು ಬಳಸುವುದು ಸುರಕ್ಷಿತ ಮಾರ್ಗ. ಭಾರತದ ಪೇಟೆಂಟ್ ಕಾಯ್ದೆ, 1970ರ 3ನೆಯ ಪ್ರಕರಣವು ಆಟವಾಡುವ ವಿಧಾನವನ್ನು ಪೇಟೆಂಟ್ ನೀಡಬಹುದಾದ ಆವಿಷ್ಕಾರವೆಂದು ಪರಿಗಣಿಸುವುದಿಲ್ಲ. ಇತರ ದೇಶಗಳಲ್ಲಿ ನಿಯಮಗಳು ಬೇರೆಯಾಗಿರಬಹುದು.

ಸಹಭಾಗಿಗಳ ನಡುವಿನ ಹಕ್ಕುಗಳೂ ಅಷ್ಟೇ ಮುಖ್ಯ. ಭಾರತದ ಹಕ್ಕುಸ್ವಾಮ್ಯ ಕಾಯ್ದೆ, 1957 ಗಣಕ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ವರ್ಗದಲ್ಲಿ ಸೇರಿಸಿದೆ. ಉದ್ಯೋಗದ ಭಾಗವಾಗಿ ಬರೆದದ್ದಲ್ಲದಿದ್ದರೆ ಸಾಮಾನ್ಯವಾಗಿ ಬರೆದವರೇ ಅದರ ಮೊದಲ ಒಡೆಯರು. ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಡನೆ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದನ್ನು 5 ವರ್ಷವೆಂದು ಪರಿಗಣಿಸಲಾಗುತ್ತದೆ. ಬಾಯಿಮಾತಿನ ಒಪ್ಪಂದದ ಮೇಲೆ ರಚಿಸಿದ ಆಟದಿಂದ ಪ್ರೋಗ್ರಾಮರ್ ಹಿಂದೆ ಸರಿದರೆ, ಮೂಲ ಸಂಕೇತವಿಲ್ಲದೆ ಅದನ್ನು ಹೊಸ ಗಣಕಗಳಿಗೆ ಹೊಂದಿಸಲು ಉಳಿದವರಿಗೆ ಸಾಧ್ಯವಾಗುವುದಿಲ್ಲ. ಚಿಪ್‌ನೊಳಗೆ ಸಿಲುಕಿ ಹೋದ ಆಟಿಕೆಯ ಸ್ಥಿತಿಯೇ ಗಣಕದ ಆಟಕ್ಕೂ ಒದಗುತ್ತದೆ. ಎಂಐಟಿ, ಜಿಪಿಎಲ್ ಮೊದಲಾದ ಮುಕ್ತ ಪರವಾನಗಿಗಳ ಅಡಿಯಲ್ಲಿ ಮೂಲ ಸಂಕೇತವನ್ನು ಪ್ರಕಟಿಸುವುದು ಇದಕ್ಕೆ ಒಂದು ಪರಿಹಾರ.

ಕನ್ನಡದಲ್ಲಿ ರಚಿಸುವಾಗಿನ ಅಂಶಗಳು

ಮುಕ್ತ ಮಾತಿನ ಸಂಶ್ಲೇಷಕವಾದ ಇಸ್ಪೀಕ್ ಎನ್‌ಜಿ ಕನ್ನಡವನ್ನು ಬೆಂಬಲಿಸುತ್ತದೆ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್‌ನೊಡನೆ ಅದು ದೊರೆಯುತ್ತದೆ. ಆದುದರಿಂದ ಆಟದ ಆಯ್ಕೆಪಟ್ಟಿ ಮತ್ತು ಅಂಕಗಳನ್ನು ಕನ್ನಡದಲ್ಲಿ ಕೇಳಿಸಲು ತಾಂತ್ರಿಕ ಅಡ್ಡಿಯಿಲ್ಲ. ಲಯಬದ್ಧ ಆಜ್ಞೆಗಳಿಗೆ ಮಾತ್ರ ಪದಗಳ ಆಯ್ಕೆಯಲ್ಲಿ ಎಚ್ಚರ ಬೇಕು. 'ಒತ್ತು' ಮತ್ತು 'ಎತ್ತು' ಎಂಬ ಪದಗಳು ವೇಗ ಹೆಚ್ಚಿದಾಗ ಒಂದೇ ರೀತಿ ಕೇಳಿಸುತ್ತವೆ. 'ತಿರುಗಿಸು' ಎಂಬುದು ನಾಲ್ಕು ಅಕ್ಷರಗಳ ಪದವಾದುದರಿಂದ ಎರಡಕ್ಷರದ 'ಎಳೆ'ಯೊಡನೆ ಒಂದೇ ತಾಳದಲ್ಲಿ ಕೂರುವುದಿಲ್ಲ. 'ಬಡಿ', 'ಎಳೆ', 'ತಿರುಚು' ಎಂಬಂತೆ ಮೊದಲ ಅಕ್ಷರದಲ್ಲಿಯೇ ಬೇರೆಯಾಗಿ ಕೇಳಿಸುವ ಚಿಕ್ಕ ಪದಗಳು ಹೆಚ್ಚು ಹೊಂದುತ್ತವೆ.

ಪರೀಕ್ಷೆ

ಶ್ರವ್ಯ ಆಟವನ್ನು ಪರದೆಯನ್ನು ಆರಿಸಿಟ್ಟು ಆಡಿ ಪರೀಕ್ಷಿಸಲಾಗುತ್ತದೆ. ಆಟವನ್ನು ತೆರೆಯುವುದು, ಹಂತವನ್ನು ಆರಿಸುವುದು, ಸೋತ ನಂತರ ಮತ್ತೆ ಆರಂಭಿಸುವುದು, ಆಟದಿಂದ ಹೊರಬರುವುದು—ಇವೆಲ್ಲವೂ ಯಾರ ಸಹಾಯವೂ ಇಲ್ಲದೆ ಸಾಧ್ಯವಾಗಬೇಕು. ದೃಷ್ಟಿಯುಳ್ಳ ಪ್ರೋಗ್ರಾಮರ್ ಕಣ್ಣು ಮುಚ್ಚಿ ಆಡುವುದರಿಂದ ಕೆಲವು ದೋಷಗಳು ತಿಳಿದರೂ, ಅದು ಅಂಧ ಆಟಗಾರರ ಪರೀಕ್ಷೆಗೆ ಬದಲಿಯಾಗದು. ಮೂಲ ಆಟಿಕೆಯನ್ನು ಆಡಿ ಬಲ್ಲವರು ಮತ್ತು ಅದನ್ನು ಎಂದೂ ಮುಟ್ಟದವರು ಇಬ್ಬರೂ ಪರೀಕ್ಷಕರಲ್ಲಿದ್ದರೆ ಉತ್ತಮ. ಮೊದಲನೆಯವರು ಲಯ ಮತ್ತು ಧ್ವನಿ ಮೂಲಕ್ಕೆ ಎಷ್ಟು ಹತ್ತಿರವಾಗಿವೆ ಎಂಬುದನ್ನು ಗುರುತಿಸುತ್ತಾರೆ. ಎರಡನೆಯವರಿಂದ ಆಟದ ಸೂಚನೆಗಳು ಎಲ್ಲಿ ಅಸ್ಪಷ್ಟವಾಗಿವೆ ಎಂಬುದು ತಿಳಿಯುತ್ತದೆ.